ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮನೆ ಕೊಳ್ಳುವ ಮುನ್ನ

ಲೀಡ್ಸ್

ಪ್ರೀತಿಯ ಅಣ್ಣನಿಗೂ ಅತ್ತಿಗೆಗೂ ನಮಸ್ಕಾರ.

ಪುಟ್ಟ ಆರಿಸಿಟ್ಟುಕೊಂಡಿರುವ ಮೂರು ಮನೆಗಳ ಫೋಟೊ ನೋಡಿದೆ. ಮೂರರಲ್ಲೂ ಅಡುಗೆಮನೆ ಫಳಫಳ ಹೊಳೆಯುತ್ತಿದೆ. ಅಡುಗೆಮನೆಯನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಗೋಡೆಯನ್ನು ಹಾಗೆ ಬದಲಾಯಿಸಲಾಗದು. ಮುಂಗಡಕ್ಕೆ ದುಡ್ಡು ಕೊಡುವವರು ನೀವು, ಹಾಗಾಗಿ ಏನೇನು ನೋಡಬೇಕೆಂದು ನಿಮಗೇ ಬರೆಯುತ್ತಿದ್ದೇನೆ. ಅವನಿಗೂ ಓದಿ ಹೇಳಿ.

ಶಿವಮೊಗ್ಗದಲ್ಲಿ ನಾವು ಗಾಳಿ ಆಡಲೆಂದು ಕಿಟಕಿಗಳನ್ನು ಎದುರುಬದುರು ಇಡುತ್ತೇವೆ. ಇಲ್ಲಿನ ಲೆಕ್ಕವೇ ಬೇರೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮನೆ ಕಾಯಿಸಲೇಬೇಕು. ಕಾಯಿಸಿದ ಶಾಖ ಎಷ್ಟು ಹೊತ್ತು ಒಳಗೆ ನಿಲ್ಲುತ್ತದೆ ಅನ್ನುವುದರ ಮೇಲೆ ಬಿಲ್ಲು.

ಮಾರಾಟಕ್ಕಿಟ್ಟ ಪ್ರತಿ ಮನೆಗೂ ಇಪಿಸಿ ಎಂಬ, ಇಂಧನ ಎಷ್ಟು ಮಿತವಾಗಿ ಸಾಕೆಂದು ಹೇಳುವ ಪ್ರಮಾಣಪತ್ರ ಇರಬೇಕು. ‘ಎ’ಯಿಂದ ‘ಜಿ’ವರೆಗೆ ದರ್ಜೆ, 10 ವರ್ಷ ಸಿಂಧು. ಪಿನ್‌ಕೋಡ್ ಹಾಕಿದರೆ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ‘ಸಿ’ ಬರಲು 69 ಅಂಕ ಬೇಕು. ಆದರೆ ದರ್ಜೆಯನ್ನೊಂದೇ ನಂಬಬೇಡಿ. ತಪಾಸಣೆಗೆ ಬಂದವರು ಗೋಡೆ ಕೊರೆದು ನೋಡುವುದಿಲ್ಲ. ಆಧಾರ ಸಿಗದ ಕಡೆ ಮನೆ ಕಟ್ಟಿದ ಕಾಲ ನೋಡಿ ಅಂದಾಜು ಹಾಕಿ, ಪಕ್ಕದಲ್ಲಿ ‘ಅಸ್ಯೂಮ್ಡ್’ ಎಂದು ಬರೆದಿರುತ್ತಾರೆ. ಪುಟ್ಟ ಹೋಗಿ ನೋಡಬೇಕಾದದ್ದು ಆ ಪದ ಇರುವ ಸಾಲುಗಳನ್ನೇ.

ಮೊದಲು ಗೋಡೆ. ಹೊರಗೆ ನಿಂತು ಇಟ್ಟಿಗೆ ಜೋಡಣೆ ನೋಡಲಿ. ಒಂದು ಇಟ್ಟಿಗೆಯ ಉದ್ದ ಬದಿ, ಪಕ್ಕದಲ್ಲೇ ಇನ್ನೊಂದರ ಗಿಡ್ಡ ತುದಿ ಕಂಡರೆ ಅದು ಬಹುತೇಕ 9 ಇಂಚಿನ ಗಟ್ಟಿ ಗೋಡೆ; 1920ಕ್ಕಿಂತ ಹಿಂದಿನ ಮನೆಗಳಲ್ಲಿ ಹೆಚ್ಚಾಗಿ ಇದೇ. ಬರೀ ಉದ್ದ ಬದಿಗಳೇ ಕಂಡರೆ ಒಳಗೊಂದು, ಹೊರಗೊಂದು ಪದರ, ನಡುವೆ ಟೊಳ್ಳು. ಗೋಡೆಗೆ ಗಾರೆ ಮೆತ್ತಿದ್ದರೆ ಬಾಗಿಲ ಸಂದಿನಲ್ಲಿ ದಪ್ಪ ಅಳೆದರಾಯಿತು: ಸುಮಾರು 26 ಸೆಂ.ಮೀ.ಗಿಂತ ಹೆಚ್ಚಿದ್ದರೆ ಟೊಳ್ಳು ಇರುವ ಸಂಭವ ಜಾಸ್ತಿ. ಟೊಳ್ಳಿಗೆ ಶಾಖ ಸೋರದಂತೆ ತಡೆಯುವ ನಿರೋಧಕ ತುಂಬಿದ್ದರೆ ಇಟ್ಟಿಗೆಗಳ ನಡುವಿನ ಸಿಮೆಂಟಿನಲ್ಲಿ ನಾಣ್ಯದಷ್ಟಗಲದ ರಂಧ್ರಗಳನ್ನು ಮುಚ್ಚಿದ ಗುರುತು ಸಾಲಾಗಿ ಕಾಣುತ್ತದೆ. ಹಾಗಿದ್ದರೆ 25 ವರ್ಷದ ಗ್ಯಾರಂಟಿ ಪತ್ರ ಕೇಳಲಿ. ಗಾಳಿ ಸಮೇತ ಮಳೆ ಹೊಡೆಯುವ ಪಶ್ಚಿಮದ ಗೋಡೆಯಲ್ಲಿ ಇಟ್ಟಿಗೆ ಬಿರುಕು ಬಿಟ್ಟಿದ್ದರೆ, ಇಲ್ಲವೇ ಟೊಳ್ಳಿನಲ್ಲಿ ಗಾರೆಯ ಚೂರು ಬಿದ್ದಿದ್ದರೆ, ಆ ನಿರೋಧಕವೇ ನೀರನ್ನು ಒಳಪದರಕ್ಕೆ ದಾಟಿಸುತ್ತದೆ. ಒಳಗೆ ಮೊಣಕಾಲೆತ್ತರಕ್ಕಿಂತ ಮೇಲೆ ಬಿಡಿಬಿಡಿ ತೇವದ ಕಲೆ ಕಂಡರೆ ಮೊದಲ ಅನುಮಾನ ಇದರ ಮೇಲೆಯೇ.

ಗಟ್ಟಿ ಗೋಡೆಗೆ ಒಳಗಿನಿಂದ ಅಥವಾ ಹೊರಗಿನಿಂದ ಹೊದಿಕೆ ಹಾಕುವುದು ಭಾರಿ ಖರ್ಚಿನ ಬಾಬತ್ತು. ಹಾಗಂತ ಹಳೆಯ ಮನೆಯೆಲ್ಲ ಬೇಡ ಎಂದಲ್ಲ. ಪಟ್ಟಿಯಲ್ಲಿರುವ ‘ಬ್ಯಾಕ್ ಟು ಬ್ಯಾಕ್’ ಈ ಊರಿನ ವಿಶೇಷ: ಎರಡು ಪಕ್ಕ ಮತ್ತು ಹಿಂಬದಿ, ಮೂರೂ ಕಡೆ ನೆರೆಮನೆಯ ಗೋಡೆ. ಶಾಖ ಸೋರುವ ಗೋಡೆ ಮುಂದಿನದೊಂದೇ. ಹಿಂದೆ ಕಿಟಕಿಯೇ ಇಲ್ಲದ್ದರಿಂದ ಗಾಳಿ ಮಾತ್ರ ಆಡುವುದಿಲ್ಲ. ಅಂಥಲ್ಲಿ ಬಚ್ಚಲಿನ ಫ್ಯಾನ್ ಸರಿಯಿರಲೇಬೇಕು. ಫ್ಯಾನ್ ಹಾಕಿ ಟಿಶ್ಯೂ ಕಾಗದ ಹಿಡಿದರೆ ಅಂಟಿಕೊಂಡು ನಿಲ್ಲಬೇಕು, ಬಿದ್ದರೆ ಎಳೆತವಿಲ್ಲ ಎಂದರ್ಥ. ಬಟ್ಟೆ ಬೀರುವಿನ ಹಿಂದಿನ ಮೂಲೆಯಲ್ಲಿ ಕಪ್ಪು ಬೂಷ್ಟು ಇದೆಯೇ, ಅಲ್ಲಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದಾರೆಯೇ ನೋಡಲಿ.

ಅಟ್ಟಕ್ಕೆ ಟಾರ್ಚು, ಟೇಪು ಹಿಡಿದು ಹತ್ತಲೇಬೇಕು. ಹಾಸಿದ ಖನಿಜ ಉಣ್ಣೆ (ಕಲ್ಲು ಇಲ್ಲವೇ ಗಾಜಿನ ಎಳೆಗಳ ನಿರೋಧಕ) 270 ಮಿ.ಮೀ. ದಪ್ಪ ಇರಬೇಕು: ತೊಲೆಗಳ ನಡುವೆ 100, ಅದರ ಮೇಲೆ ಅಡ್ಡಡ್ಡ 170. ಹಳೆಯ ಮನೆಗಳಲ್ಲಿ ಆ ಕೆಳಗಿನ 100 ಮಾತ್ರ ಇರುವುದುಂಟು. ಅದೇನು ದೊಡ್ಡ ದೋಷವಲ್ಲ, ಮಾಡಿಸಬಹುದಾದ ಕೆಲಸಗಳಲ್ಲಿ ಅಗ್ಗದ್ದು ಇದೇ. ಸಾಮಾನು ಕೂಲಿ ಎರಡಕ್ಕೂ 2027ರ ಮಾರ್ಚ್ 31ರವರೆಗೆ ವ್ಯಾಟ್ ಇಲ್ಲ. ಸಾಮಾನಿಡಲು ಉಣ್ಣೆಯ ಮೇಲೆ ಹಲಗೆ ಬಡಿದು ಒತ್ತಿಬಿಟ್ಟಿದ್ದರೆ ಅದರೊಳಗಿನ ಗಾಳಿ ಹೋಗಿ ಅರ್ಧ ಪ್ರಯೋಜನ ಹೋದಂತೆ. ಸೂರಿನ ಅಂಚಿನವರೆಗೂ ಉಣ್ಣೆ ತುರುಕಿ ಗಾಳಿಕಂಡಿ ಮುಚ್ಚಿದ್ದರೆ ಚಳಿಗಾಲದಲ್ಲಿ ಮರದ ಮೇಲೆ ನೀರು ಕಟ್ಟುತ್ತದೆ, ಕಪ್ಪು ಕಲೆ ಸಾಕ್ಷಿ ಹೇಳುತ್ತದೆ. ಇನ್ನು ಹೆಂಚಿನ ಅಡಿಗೆ ನೊರೆಯಂಥ ಫೋಮ್ ಸಿಂಪಡಿಸಿದ್ದು ಕಂಡರೆ ಆ ಮನೆ ಬಿಟ್ಟುಬಿಡಲಿ. ಮರ ಕೊಳೆತಿದೆಯೋ ಇಲ್ಲವೋ ಕಾಣುವುದಿಲ್ಲವಾದ್ದರಿಂದ ಎಷ್ಟೋ ಬ್ಯಾಂಕುಗಳು ಸಾಲವನ್ನೇ ಕೊಡುವುದಿಲ್ಲ.

ಕಿಟಕಿಗೆ ಒಂದು ಸಣ್ಣ ಪರೀಕ್ಷೆ. ಜೋಡಿ ಗಾಜಿನ ಎದುರು ಲೈಟರ್ ಹಿಡಿದರೆ ಜ್ವಾಲೆಯ ನಾಲ್ಕು ಬಿಂಬ ಕಾಣುತ್ತವೆ. ಅವುಗಳಲ್ಲಿ ಒಂದರ ಬಣ್ಣ ಬೇರೆಯಿದ್ದರೆ ಶಾಖ ತಡೆಯುವ ಲೇಪ ಇದೆ, ನಾಲ್ಕೂ ಒಂದೇ ಥರ ಇದ್ದರೆ ಇಲ್ಲ. ಎರಡು ಗಾಜಿನ ನಡುವೆ ಮಂಜು ಕಟ್ಟಿದ್ದರೆ ಸೀಲ್ ಹೋಗಿದೆ. ಚೌಕಟ್ಟು ಗಟ್ಟಿಯಿದ್ದರೆ ಗಾಜಷ್ಟೇ ಬದಲಿಸಿದರೂ ಸಾಕು.

ಮನೆ ಕಾಯಿಸಲು ಗ್ಯಾಸಿನಿಂದ ನೀರು ಬಿಸಿಮಾಡುವ ಬಾಯ್ಲರ್ ವಿಷಯಕ್ಕೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಸರ್ವಿಸ್ ದಾಖಲೆ ಇದ್ದರೆ ಸಾಕು. ಮುಂದೆ ಅದರ ಬದಲು ಹೀಟ್ ಪಂಪ್ (ವಿದ್ಯುತ್ತಿನಿಂದ ಹೊರಗಿನ ಶಾಖವನ್ನು ಒಳಗೆ ತರುವ ಯಂತ್ರ) ಹಾಕಿಸಬಹುದೇ ಎಂಬುದು ಮುಖ್ಯ. ಸರ್ಕಾರ 7,500 ಪೌಂಡ್ ಸಹಾಯಧನವನ್ನೇನೋ ಕೊಡುತ್ತಿದೆ, ಆದರೆ ಇಲ್ಲಿ ಒಂದು ಯೂನಿಟ್ (ಕಿಲೋವ್ಯಾಟ್-ಅವರ್) ವಿದ್ಯುತ್ತಿಗೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು ಬೆಲೆ. ಬಾಯ್ಲರಿನಲ್ಲೂ ಒಂದಿಷ್ಟು ಶಾಖ ಪೋಲಾಗುವುದರಿಂದ, ಪಂಪು ಒಂದು ಯೂನಿಟ್‌ನಿಂದ ಮೂರೂವರೆ ಯೂನಿಟ್ ಶಾಖ ತೆಗೆದರೆ ಮಾತ್ರ ಗ್ಯಾಸಿಗೆ ಸಮ. ಅದಕ್ಕೆ ಕೋಣೆ ಕಾಯಿಸುವ ರೇಡಿಯೇಟರಿಗೆ ಹೋಗುವ ನೀರು 45 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು, ಅಂದರೆ ದೊಡ್ಡ ರೇಡಿಯೇಟರು, ಸಾಕಷ್ಟು ದಪ್ಪದ ಪೈಪು. ರೇಡಿಯೇಟರಿಗೆ ಬರುವ ಪೈಪು ಪೆನ್ಸಿಲಿನಷ್ಟೇ ಇದ್ದರೆ, ಅಂದರೆ 8 ಅಥವಾ 10 ಮಿ.ಮೀ. ಇದ್ದರೆ, ಮುಂದೆ ನೆಲ ಕಿತ್ತು ಹೊಸದು ಹಾಕಿಸಬೇಕಾಗಿ ಬರಬಹುದು. ಬಿಸಿನೀರಿನ ಸಿಲಿಂಡರ್ ಇಡಲು ಜಾಗವೂ ಬೇಕು.

ಮೂರನೆಯ ಮನೆಯ ಸೋಲಾರ್ ಫಲಕ ನೋಡಿ ಅತ್ತಿಗೆ ಖುಷಿಪಟ್ಟರಂತೆ. ಅವು ಮನೆಯವರದ್ದೋ, ಚಾವಣಿ ಬಾಡಿಗೆ ಹಿಡಿದ ಕಂಪನಿಯದ್ದೋ ವಕೀಲರ ಮೂಲಕ ಮೊದಲು ತಿಳಿಯಲಿ. 2010ರ ನಂತರ 25 ವರ್ಷದ ಕರಾರಿನ ಮೇಲೆ ಪುಕ್ಕಟೆ ಹಾಕಿಕೊಟ್ಟ ಫಲಕಗಳಿವೆ. ಆ ಕರಾರು ಕೊಂಡವರ ಕೊರಳಿಗೇ ಬೀಳುತ್ತದೆ.

ಮಾರುವವರಿಂದ ಕಳೆದ ಹನ್ನೆರಡು ತಿಂಗಳ ಗ್ಯಾಸ್ ಬಳಕೆಯನ್ನು ಪೌಂಡಿನಲ್ಲಲ್ಲ, ಯೂನಿಟ್‌ಗಳಲ್ಲಿ ಕೇಳಲಿ. ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2023ರಲ್ಲಿ ಸಾಧಾರಣ ಮನೆಗೆ ವರ್ಷಕ್ಕೆ 11,500 ಯೂನಿಟ್ ಎಂದು ಲೆಕ್ಕ ಹಿಡಿದಿತ್ತು. ಇಬ್ಬರೇ ಇರುವ ಚಿಕ್ಕ ಮನೆ ಅದನ್ನು ಮೀರಿದ್ದರೆ ಕಾರಣ ಕೇಳಬೇಕು.

ಹಳೆಯ ಮನೆಯೇ ಇಷ್ಟವಾದರೆ ಆರ್‌ಐಸಿಎಸ್ ಎಂಬ ವೃತ್ತಿಸಂಸ್ಥೆಯ ಸದಸ್ಯ ಸರ್ವೇಯರ್‌ರಿಂದ ‘ಲೆವೆಲ್ 3’ ಎಂಬ ಅತಿ ವಿವರವಾದ ತಪಾಸಣೆ ಮಾಡಿಸಲಿ. ಇಂಗ್ಲೆಂಡಿನಲ್ಲಿ ಬೆಲೆ ಒಪ್ಪಿಕೊಂಡ ಮೇಲೂ ಕರಾರು ವಿನಿಮಯ ಆಗುವವರೆಗೆ ಹಿಂದೆ ಸರಿಯಬಹುದು, ಚೌಕಾಸಿಯನ್ನೂ ಮಾಡಬಹುದು. ಸರ್ವೇ ವರದಿ ಕೈಗೆ ಬರುವವರೆಗೆ ನೀವು ಎಫ್‌ಡಿ ಮುರಿಸಬೇಡಿ.

ನಿಮ್ಮ ತಮ್ಮ