ಜೇಡದ ಫೋಟೋಗೆ ಹೆಸರು ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ತೋಟದಿಂದ ನಿನ್ನೆ ನಮ್ಮ ಗುಂಪಿಗೆ ಬಂದ ಜೇಡದ ಫೋಟೋ ಸೂಪರ್. ಸಿಲ್ವರ್ ಮರದ ಬೊಡ್ಡೆ ಮೇಲೆ ಅಂಗೈಯಗಲ ಕಾಲು ಚಾಚಿ ಕೂತಿದೆ. ಆದರೆ ಕೆಳಗೆ 'ಅವಿಕ್ಯುಲೇರಿಯಾ' ಅಂತ ಬರೆದಿದ್ದು ತಪ್ಪು. ಯಾವುದೋ ಆ್ಯಪ್ ಹೇಳಿರಬೇಕು, ಅಲ್ವಾ? ಅದು ದಕ್ಷಿಣ ಅಮೆರಿಕ ಕಡೆಯ ಜೇಡಗಳ ಕುಲ, ಅಂದರೆ ಹತ್ತಿರದ ಪ್ರಭೇದಗಳ ಗುಂಪು. ನಮ್ಮ ಕಾಡಿನಲ್ಲಿಲ್ಲ.

ಆ ಹೆಸರಿನ ಕಥೆ ಮಾತ್ರ ಮಜವಾಗಿದೆ. ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಚಿತ್ರಗಾರ್ತಿ ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿದ್ದು ಬಂದು, 1705ರಲ್ಲಿ ಒಂದು ಚಿತ್ರ ಅಚ್ಚು ಹಾಕಿಸಿದರು. ಸೀಬೆ ಕೊಂಬೆಯ ಮೇಲೆ ದೊಡ್ಡ ಜೇಡ, ಅದರ ಹಿಡಿತದಲ್ಲಿ ಪುಟಾಣಿ ಹಮ್ಮಿಂಗ್‌ಬರ್ಡ್. ಕೆಲವರು ಇದು ಸುಳ್ಳು ಎಂದು ನಕ್ಕರು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕೊಟ್ಟ ಹೆಸರಿನಲ್ಲಿ ಹಕ್ಕಿ ಉಳಿಯಿತು: ಲ್ಯಾಟಿನ್‌ನಲ್ಲಿ 'ಅವಿಕ್ಯುಲಾ' ಎಂದರೆ ಪುಟ್ಟ ಹಕ್ಕಿ. 1818ರಲ್ಲಿ ಫ್ರೆಂಚ್ ಜೀವವಿಜ್ಞಾನಿ ಲಾಮಾರ್ಕ್ ಅದನ್ನೇ ಕುಲದ ಹೆಸರು ಮಾಡಿದರು.

ಆಮೇಲೆ ಸಿಕ್ಕಸಿಕ್ಕ ಮರದ ಜೇಡವನ್ನೆಲ್ಲ ಅದೇ ಚೀಲಕ್ಕೆ ತುಂಬಿದರು. 2017ರಲ್ಲಿ ಜೇಡ ಸಂಶೋಧಕರಾದ ಫುಕುಶಿಮಾ, ಬೆರ್ತಾನಿ ಕೂತು ಜರಡಿ ಹಿಡಿದಾಗ ಆ ಕುಲದಲ್ಲಿ ಉಳಿದದ್ದು 12 ಪ್ರಭೇದ. ಕೆಲವನ್ನು ಹೊಸ ಕುಲಗಳಿಗೆ ಹಾಕಿದರು. ಅದರಲ್ಲೊಂದು 'ಇಬಿರಾಪೋರಾ', ಬ್ರೆಜಿಲ್‌ನ ಮೂಲನಿವಾಸಿಗಳ ಟುಪಿ ಭಾಷೆಯಲ್ಲಿ ಮರದಲ್ಲಿರುವುದು ಎಂದರ್ಥ. ನನಗೆ ಲ್ಯಾಟಿನ್‌ಗಿಂತ ಇದೇ ಇಷ್ಟ.

ನಮ್ಮ ಫೋಟೋದಲ್ಲಿ ಮುಂಗಾಲಿನ ಅಡಿ ಹಳದಿ ಇದೆ, ಜೂಮ್ ಮಾಡಿ ನೋಡಿ. ಅದು ಭಾರತ, ಶ್ರೀಲಂಕಾದಲ್ಲಿ ಮಾತ್ರ ಇರುವ 'ಪೊಸಿಲೋಥೀರಿಯಾ' ಕುಲದ ಜೇಡ ಇರಬಹುದು. ಇನ್ನು ಮುಂದೆ ಕಾಲಿನ ಅಡಿಯದೂ ಒಂದು ಫೋಟೋ ಹಾಕಿ, ಆದರೆ ಅದಕ್ಕಾಗಿ ಕಡ್ಡಿಯಲ್ಲಿ ಕೆಣಕಬೇಡಿ. ಲೊಕೇಶನ್ ಬೇಡ, ಊರಿನ ಹೆಸರು ಸಾಕು. ಹಿಡಿದು ಮಾರುವವರೂ ಇದ್ದಾರೆ.