ಕರ್ಣನ ರಥದ ಚಕ್ರ ಮುಕ್ಕಾಲು ಗಂಟೆ ಹೂತಿದ್ದ ರಾತ್ರಿ

ನಾಟಕ ಮುಗಿದು ಒಂಬತ್ತು ದಿನವಾಯಿತು. ಮುಖದ ಬಣ್ಣ ಹೋಗಿದೆ, ಕಿವಿಯ ಹಿಂದೆ ಮಾತ್ರ ಅರ್ದಾಳ ಇನ್ನೂ ಉಳಿದಿದೆ ಅಂತ ಮನೆಯವಳು ದಿನಾ ನೆನಪಿಸುತ್ತಾಳೆ. ಗಂಟಲು ಪೂರ್ತಿ ಸರಿಹೋಗಿಲ್ಲ. ಸಮಿತಿ ಲೆಕ್ಕ ಒಪ್ಪಿಸಿಯಾಯಿತು, ಸೀನರಿಯವರ ಬಾಕಿಯೂ ಚುಕ್ತಾ. ಇನ್ನು ಬಾಯಲ್ಲಿ ಹೇಳಬೇಕಾದ ಋಣ ಒಂದಷ್ಟು ಉಳಿದಿದೆ.

ಮೂರು ತಿಂಗಳು ನಮ್ಮ ಕೀರಲು ಗಂಟಲುಗಳನ್ನು ಸಹಿಸಿಕೊಂಡ ಹಾರ್ಮೋನಿಯಂ ಮೇಷ್ಟ್ರು, ತಬಲಾದವರು, ಹಾಸನದಿಂದ ಬಂದು ದ್ರೌಪದಿ, ಕುಂತಿ, ಉತ್ತರೆ ಮಾಡಿದ ಮೂವರು ಕಲಾವಿದೆಯರು, ಜಾಗ ಕೊಟ್ಟ ಶಾಲೆಯವರು, ಕರೆಂಟ್ ಹೋಗದ ಹಾಗೆ ನೋಡಿಕೊಂಡ ಲೈನ್‌ಮನ್, ರಾತ್ರಿ ಎರಡಕ್ಕೆ ಮತ್ತೆ ಒಲೆ ಹಚ್ಚಿ ಉಪ್ಪಿಟ್ಟು ಮಾಡಿದ ಸ್ತ್ರೀಶಕ್ತಿ ಸಂಘದ ಅಕ್ಕಂದಿರು, ಎಲ್ಲರಿಗೂ ನಮಸ್ಕಾರ. ಉಪ್ಪಿಟ್ಟು ಯಾಕೆ ಎರಡನೇ ಸಲ ಬೇಕಾಯಿತು ಅನ್ನೋದೇ ಮುಂದಿನ ಕಥೆ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಹಾಸನ ಸೀಮೆಯಲ್ಲಿ ನಾಟಕ ಅಂದರೆ ಕುರುಕ್ಷೇತ್ರವೇ. ಆಡುವವರಿಗೆ ಸಂಬಳವಿಲ್ಲ, ಪಾತ್ರಕ್ಕೆ ಇಂತಿಷ್ಟು ಅಂತ ನಾವೇ ದುಡ್ಡು ಕಟ್ಟಿ ಬಣ್ಣ ಹಚ್ಚಬೇಕು. ದುರ್ಯೋಧನನದು ದೊಡ್ಡ ಮೊತ್ತ, ದ್ವಾರಪಾಲಕನದು ಚಿಲ್ಲರೆ. ಬೇಲೂರು ತಾಲ್ಲೂಕಿನಲ್ಲಿ ಬಯಲು ಕಡೆಯ ಊರುಗಳಲ್ಲಿ ಇದು ವರ್ಷವರ್ಷ ನಡೆಯುತ್ತದೆ. ನಮ್ಮದು ಬಿಕ್ಕೋಡು ಕಡೆಯ ಕಾಫಿ ಸೀಮೆ. ಕಾಡಾನೆ ಭಯಕ್ಕೆ ಇಲ್ಲಿ ಕತ್ತಲಾದ ಮೇಲೆ ಜನ ಸೇರಿಸುವುದೇ ಕಷ್ಟ. ತಾಲೀಮನ್ನೂ ಎಂಟೂವರೆಗೆ ನಿಲ್ಲಿಸಿ, ನಾಲ್ಕು ನಾಲ್ಕು ಜನ ಒಟ್ಟಾಗಿ ಮನೆಗೆ ಹೋಗುತ್ತಿದ್ದೆವು.

ನಮ್ಮೂರಲ್ಲಿ ಬಣ್ಣ ಹಚ್ಚಿ 6 ವರ್ಷವಾಗಿತ್ತು. ಯಾಕೆ ನಿಂತಿತು ಅಂತ ಊರವರಿಗೆ ಹೇಳಬೇಕಾಗಿಲ್ಲ. ಕರ್ಣನ ಪಾತ್ರ ನಮ್ಮಣ್ಣನದು. ಅವನು ಹೋದ ಮೇಲೆ ಯಾರೂ ಆ ಪಾತ್ರಕ್ಕೆ ಹೆಸರು ಕೊಡಲಿಲ್ಲ, ನಾಟಕದ ಮಾತೂ ಎತ್ತಲಿಲ್ಲ. ಆ ಬೆಳಗಿನ ವಿಷಯ ಇಲ್ಲಿ ಮತ್ತೆ ಬರೆಯುವುದಿಲ್ಲ.

ಈ ಸಲ ರೊಬಸ್ಟಾ ಕುಯ್ಲು ಮುಗಿದು, ಬೇಲೂರು ತೇರಿಗೆ ಇನ್ನೂ ಮೂರು ವಾರ ಇರುವಾಗ ದಿನ ಇಟ್ಟುಕೊಂಡೆವು. ಆನೆ ಎಲ್ಲಿವೆ ಅಂತ ಬೆಳಿಗ್ಗೆ ವಾಟ್ಸಾಪಿಗೆ ಬಂದ ಮೆಸೇಜಿನಲ್ಲಿ ಗುಂಪು ನಮ್ಮಿಂದ ದೂರದ ತೋಟದಲ್ಲಿತ್ತು. ಒಂಬತ್ತೂವರೆಗೆ ಗಣಪತಿ ಪೂಜೆ, ಪ್ರಾರ್ಥನೆ. ದುರ್ಯೋಧನನ ಪ್ರವೇಶಕ್ಕೆ ಅವರ ಭಾವಮೈದುನ ಹತ್ತು ಸಾವಿರದ ಸರ ಪಟಾಕಿ ಹಚ್ಚಿದರು. ಬೇಡ ಅಂತ ಸಮಿತಿ ಮೊದಲೇ ಹೇಳಿತ್ತು, ಕೇಳುವವರು ಯಾರು.

ಹನ್ನೊಂದೂ ಇಪ್ಪತ್ತು ಇರಬೇಕು. ರಂಗದ ಮೇಲೆ ಕೃಷ್ಣ ಸಂಧಾನ. ನಾನು ಹಿಂದೆ ಎದೆಕಟ್ಟು ಬಿಗಿಸಿಕೊಳ್ಳುತ್ತಿದ್ದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ವಾಚರ್ ಹುಡುಗ ಪರದೆ ಸರಿಸಿ, "ಅಣ್ಣ, ಒಂದ್ನಿಮಿಷ ಈ ಕಡೆ ಬಾ" ಅಂದ. ಹೆಸರು ಹಾಕಬೇಡಣ್ಣ, ಹೊರಗುತ್ತಿಗೆ ಕೆಲಸ ಅಂತ ಕೈಮುಗಿದಿದ್ದಾನೆ, ಹಾಗಾಗಿ ಹುಡುಗ ಅಂತಲೇ ಬರೆಯುತ್ತೇನೆ.

"ಗುಂಪು ಕೆರೆಗೆ ಇಳಿದೈತೆ. 14 ಐದಾವೆ, ಮೂರು ಮರಿ."

ಕೆರೆ ಶಾಲೆ ಬಯಲಿಗೆ ಅರ್ಧ ಕಿಲೋಮೀಟರ್ ಇಲ್ಲ. ಪಕ್ಕದ ಎರಡೂ ಊರಿನ ದಾರಿ ಆ ಏರಿ ಮೇಲೆಯೇ ಹೋಗಬೇಕು. ಬಯಲಲ್ಲಿ ಆರುನೂರು ಜನ, ಅರ್ಧ ಹೆಂಗಸರು ಮಕ್ಕಳು. ನನಗೆ ಕೈಕಾಲು ಆಡಲಿಲ್ಲ. ಅಧ್ಯಕ್ಷರು ಈಗಲೇ ನಾಟಕ ನಿಲ್ಲಿಸಿ ಜನರನ್ನು ಕಳಿಸೋಣ ಅಂದರು. ಹುಡುಗ ಒಪ್ಪಲಿಲ್ಲ.

"ನಿಲ್ಲಿಸಿದ್ರೆ ಎಲ್ರೂ ಒಂದೇ ಸಲ ಎದ್ದು ಗಾಡಿ ಸ್ಟಾರ್ಟ್ ಮಾಡ್ತಾರೆ. ಕತ್ಲಲ್ಲಿ ನಂಗೆ ಹಿಡಿಯಕ್ಕಾಗಲ್ಲ. ಮೈಕ್ ಹಿಂಗೇ ಇರ್ಲಿ. ಪಟಾಕಿ ಇನ್ನೊಂದು ಹಚ್ಚಂಗಿಲ್ಲ, ಬೆದರಿ ಗುಂಪು ಒಡೆದ್ರೆ ಯಾವ್ದು ಎಲ್ಲಿ ನಿಂತೈತೆ ಅಂತ ಗೊತ್ತಾಗಲ್ಲ. ಬೆಳಕು ಹರಿಯೋವರ್ಗೂ ಆಡ್ತಾ ಇರಿ. ನನ್ ಟಾರ್ಚ್ ನೆಲದ ಕಡೆ ಇದ್ರೆ ಏನೂ ಇಲ್ಲ ಅಂತ. ಮೇಲೆತ್ತಿ ಆಡಿಸಿದ್ರೆ ಜನನ್ನ ಶಾಲೆ ಒಳಿಕ್ಕೆ ತುಂಬಿ."

ಇಷ್ಟು ಹೇಳಿ ಅವನೂ ಜೊತೆಯ ಇನ್ನೊಬ್ಬನೂ ಏರಿಗೆ ಹೋದರು.

ಸಂಧಾನ ಮುಗಿದ ಮೇಲೆ ಮೈಕಿನಲ್ಲಿ ವಿಷಯ ತಿಳಿಸಿದೆವು. ಗಲಾಟೆ ಆಗುತ್ತದೆ ಅಂತ ಹೆದರಿದ್ದೆ. ಒಂದು ಗಳಿಗೆ ಎಲ್ಲ ಸುಮ್ಮನಾದರು. ಆಮೇಲೆ ಮುಂದಿನ ಸಾಲಿನಿಂದ ಒಬ್ಬ ಅಜ್ಜಿ, "ಆನೆ ಅದರ ಪಾಡಿಗೆ ನೀರು ಕುಡೀಲಿ, ನೀವು ಪರದೆ ಎತ್ರೋ" ಅಂದಿತು.

ನಾಲ್ಕೂವರೆಗೆ ಮುಗಿಯುವ ನಾಟಕವನ್ನು ಆರರ ತನಕ ಎಳೆಯುವುದು ಹೇಗೆ? ಮೇಷ್ಟ್ರು ಒಂದೊಂದು ಕಂದಪದ್ಯಕ್ಕೂ ಎರಡೆರಡು ಸುತ್ತು ಆಲಾಪನೆ ಹಾಕಿದರು. ಬೇರೆ ದಿನ ಒನ್ಸ್ ಮೋರ್ ಅಂದರೆ ಗದರುವವರು, ಅವತ್ತು ಯಾರೂ ಕೇಳದಿದ್ದರೂ ಮತ್ತೆ ಹಾಡಿಸಿದರು. ಶಕುನಿ ಪಂಚಾಯ್ತಿ ರಾಜಕೀಯವನ್ನೆಲ್ಲ ಹಸ್ತಿನಾವತಿಗೆ ತಂದು ಇಪ್ಪತ್ತು ನಿಮಿಷ ನಗಿಸಿದ. ಅಭಿಮನ್ಯು ಮಾಡಿದ ಡಿಗ್ರಿ ಹುಡುಗ ಚಕ್ರವ್ಯೂಹದೊಳಗೆ ಸುತ್ತಿ ಸುತ್ತಿ, ಸೈಡ್ ವಿಂಗಿಗೆ ಬಂದಾಗ ಏದುಸಿರು ಬಿಡುತ್ತಾ, "ಇನ್ನೂ ಎಷ್ಟೊತ್ತು ಸಾಯಬಾರ್ದು?" ಅಂತ ಕೇಳಿದ.

ನನ್ನ ಸರದಿ ಬಂದಾಗ ಐದು ಹೊಡೆದಿತ್ತು. ರಥದ ಚಕ್ರ ಹೂತಿದೆ, ನಾನು ಎತ್ತಬೇಕು, ಅರ್ಜುನ ಬಾಣ ಬಿಡಬೇಕು. ಎತ್ತಬೇಡ ಅಂತ ಮೇಷ್ಟ್ರು ಕಣ್ಣಲ್ಲೇ ಹೇಳುತ್ತಿದ್ದಾರೆ. ಪ್ಲೈವುಡ್ ಚಕ್ರ, ಒಂದು ಕೈಗೆ ಬರುತ್ತದೆ. ಅದನ್ನು ಹಿಡಿದುಕೊಂಡು ಮುಕ್ಕಾಲು ಗಂಟೆ ತಿಣುಕಾಡಿದೆ. ರಂಗ ಎತ್ತರದಲ್ಲಿದ್ದದ್ದಕ್ಕೆ ಜನರ ತಲೆಗಳ ಆಚೆ, ಬಯಲಿನ ಆಚೆ, ಏರಿ ಮೇಲಿನ ಬೆಳಕು ನನಗೆ ಕಾಣುತ್ತಿತ್ತು. ಹೆಬ್ಬೆರಳಿನಷ್ಟು ಬೆಳಕು. ನೆಲದ ಕಡೆಗೇ ಇತ್ತು. ಪದ್ಯ ಹಾಡುತ್ತಾ ನಾನು ಅದನ್ನೇ ನೋಡುತ್ತಿದ್ದೆ.

ನನ್ನ ಹತ್ತಿರ ಇದ್ದದ್ದು ಅಣ್ಣನ ಪಾತ್ರದ ಪುಸ್ತಕ. ಅವನದೇ ಅಕ್ಷರ, ಎಲ್ಲಿ ಉಸಿರು ತಗೋಬೇಕು ಅಂತ ಕೆಂಪು ಇಂಕಿನ ಗೀಟು. ಆ ಗೀಟು ಬರುವ ಜಾಗದಲ್ಲಿ ನನಗೆ ಉಸಿರು ಸಿಗಲಿಲ್ಲ. ಆವತ್ತು ಬೆಳಿಗ್ಗೆ ಆ ತಿರುವಿನಲ್ಲಿ, ಈ ಕಡೆ ಬರಬೇಡ ಕಣಣ್ಣ ಅನ್ನುವುದಕ್ಕೆ ಒಬ್ಬನಿದ್ದಿದ್ದರೆ ಸಾಕಿತ್ತು. ಒಬ್ಬನೇ ಒಬ್ಬ, ಕೈಯಲ್ಲಿ ಒಂದು ಟಾರ್ಚು. ಹಾಡು ನಿಂತು ಹೋಯಿತು. ಮೇಷ್ಟ್ರು ಶ್ರುತಿ ಬಿಡದೆ ಹಿಡಿದುಕೊಂಡೇ ಇದ್ದರು. ನಾನು ಚಕ್ರದ ಮೇಲೆ ತಲೆಯಿಟ್ಟು ಅತ್ತೆ.

ಜನ ಅದನ್ನು ಅಭಿನಯ ಅಂದುಕೊಂಡು ಶಿಳ್ಳೆ ಹೊಡೆದರು. ರಂಗಕ್ಕೇ ಹತ್ತಿ ಎದೆಗೆ 500ರ ನೋಟು ಪಿನ್ ಮಾಡಿದ ಮಾವ, ಅದು ಅಭಿನಯ ಅಲ್ಲ, ವಾಪಸ್ ಬೇಕಿದ್ದರೆ ಕೇಳಿ, ಕೊಡುತ್ತೇನೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಸರ್ಕಾರ 2022ರಲ್ಲಿ ಈ ಆನೆ ಕಾರ್ಯಪಡೆ ಮಾಡಿದಾಗಿನಿಂದ ಬೈದವರಲ್ಲಿ ನಾನೇ ಮುಂದೆ. ಫೋಟೋ ಹೊಡೆಯೋಕೆ ಬರ್ತಾರೆ, ಆನೆಗೆ ರೇಡಿಯೋ ಕಾಲರ್ ಹಾಕಿ ಮೊಬೈಲ್ ನೋಡ್ಕೊಂಡು ಕೂರ್ತಾರೆ ಅಂತ. ಹೋದ ವರ್ಷ ತೋಟದ ಪೈಪೆಲ್ಲ ಪುಡಿಯಾದಾಗ ಇದೇ ಹುಡುಗನನ್ನು ಹತ್ತು ಜನರ ಎದುರು ಬಾಯಿಗೆ ಬಂದಂತೆ ಅಂದಿದ್ದೆ. ಅವನು ತಲೆ ತಗ್ಗಿಸಿ ನಿಂತು, ತುಳಿದ ಗಿಡ ಎಣಿಸಿ ಬರೆದುಕೊಂಡು ಹೋಗಿದ್ದ. 2023ರ ಡಿಸೆಂಬರ್ 4ರಂದು ನಮ್ಮ ಪಕ್ಕದ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಎಂಟು ಸಲ ಅಂಬಾರಿ ಹೊತ್ತ ದಸರಾ ಆನೆ ಅರ್ಜುನ ಕಾಡಾನೆ ಜೊತೆ ಕಾದಾಡಿ ಸತ್ತಾಗ ನಾಡೇ ಅತ್ತಿತು, ನಾನೂ ಅತ್ತೆ. ಅದೇ ಕಾಡಂಚಿನಲ್ಲಿ ದಿನಾ ರಾತ್ರಿ ಬರಿಗೈಯಲ್ಲಿ ನಿಲ್ಲುವ ಇಂಥ ಹುಡುಗರು ಊಟ ಮಾಡಿದರಾ ಅಂತ ಮಾತ್ರ ಒಂದು ದಿನವೂ ಕೇಳಿರಲಿಲ್ಲ. ತಮ್ಮಾ, ಹತ್ತು ಜನರ ಎದುರು ಬೈದಿದ್ದೆ, ಎಲ್ಲರೂ ಓದುವ ಕಡೆ ತಪ್ಪಾಯಿತು ಅನ್ನುತ್ತಿದ್ದೇನೆ.

ಭೀಮ ದುರ್ಯೋಧನರ ಗದಾಯುದ್ಧ ಶುರುವಾದಾಗ ಆರು ದಾಟಿತ್ತು. ಬಲ್ಬುಗಳು ಸಪ್ಪೆಯಾಗಿ, ಕಿರೀಟಗಳ ಬೇಗಡೆ ಎಲ್ಲೆಲ್ಲಿ ಕಿತ್ತಿದೆ ಅಂತ ಎಲ್ಲರಿಗೂ ಕಾಣುವ ಬೆಳಕಿನಲ್ಲಿ ದುರ್ಯೋಧನ ತೊಡೆ ಮುರಿದುಕೊಂಡು ಬಿದ್ದ. ಮಂಗಳ ಹಾಡುವಾಗ ಹುಡುಗ ಏರಿ ಇಳಿದು ಬಂದ. ಆರುನೂರು ಜನ ಆ ಏರಿ ಮೇಲೆ ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೋದರು.

ಅವನು ಶಾಲೆ ಮೆಟ್ಟಿಲ ಮೇಲೆ ಕೂತು ಪ್ಯಾಂಟು ಮೇಲೆ ಮಡಿಚಿಕೊಂಡ. ಮೊಣಕಾಲಿನ ತನಕ ಉಣುಗು. ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಒಂದೊಂದನ್ನೇ ಕಿತ್ತು ಕಲ್ಲಿಗೆ ಒರೆಸುತ್ತಿದ್ದ. ನಾನು ಕಿರೀಟ ತೆಗೆದು ಪಕ್ಕದಲ್ಲಿ ಕೂತೆ.

"ಒಂದು ಸೀನೂ ನೋಡ್ಲಿಲ್ಲ ಕಣಣ್ಣ. ಎಲ್ಲಾ ಕೇಳಿಸ್ತು. ಕರ್ಣ ಯಾಕೆ ಅಷ್ಟು ಲೇಟಾಗಿ ಸತ್ತ?"

"ನೀನೇ ಅಲ್ವೇನೋ ಸಾಯಬೇಡ ಅಂದಿದ್ದು."

ನಕ್ಕ. ಮುಂದಿನ ವರ್ಷ ನಿನಗೂ ಒಂದು ಪಾತ್ರ ಕೊಡುತ್ತೇವೆ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ದುಡ್ಡು ಕಟ್ಬೇಕಾ?" ಅಂದ. ಬೇಡ ಅಂದೆ. ಅಷ್ಟರಲ್ಲಿ ಅವನ ಫೋನ್ ಬಂತು. ಗುಂಪು ಆಚೆ ತೋಟ ದಾಟಿ ರಸ್ತೆ ಕಡೆ ತಿರುಗಿದೆ, ಶಾಲೆ ಮಕ್ಕಳ ಆಟೋ ಬರುವ ಹೊತ್ತು. ಅರ್ಧ ಟೀ ಇದ್ದ ಲೋಟವನ್ನು ಮೆಟ್ಟಿಲ ಮೇಲಿಟ್ಟು, ಪ್ಯಾಂಟು ಕೆಳಗೆ ಎಳೆದುಕೊಳ್ಳುತ್ತಾ ಬೈಕಿನ ಕಡೆ ಓಡಿದ.