ಕಡೆಯ ಅಧ್ಯಾಯದ ಎಲೆಗಳು

ಪ್ರೀತಿಯ ತಮ್ಮನಿಗೆ,

ನಿನ್ನ ಲೇಖನ ಕೈ ಸೇರಿ ಹತ್ತು ದಿನವಾಯಿತು. ಎರಡು ಸಲ ಓದಿದೆ. ಮೊದಲ ಸಲ ಸುಮ್ಮನೆ, ಎರಡನೆಯ ಸಲ ಪೆನ್ಸಿಲ್ ಹಿಡಿದು. ಓವೆನ್ ಜೋನ್ಸ್‌ನಂಥ ವಾಸ್ತುಶಿಲ್ಪಿಯ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂಬ ನಿನ್ನ ಹುಮ್ಮಸ್ಸು ನನಗೆ ಬಹಳ ಹಿಡಿಸಿತು. ಬರಹ ಹಿಡಿಸಲಿಲ್ಲ. ನೀನು ಬರೆದಿರುವುದು ಅವನ ಜಾತಕ. 1809ರಲ್ಲಿ ಲಂಡನ್ನಿನಲ್ಲಿ ಜನನ, 1857ರಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ, 1874ರಲ್ಲಿ ಮರಣ. ನಡುವೆ ‘ಅಪ್ರತಿಮ’, ‘ಅನನ್ಯ’, ‘ಮೇರು’. ಮೊದಲ ಪುಟದಲ್ಲೇ ಇಂಥ ಹನ್ನೊಂದು ವಿಶೇಷಣ ಸಿಕ್ಕವು. ಅವನ ಹೆಸರು ಅಳಿಸಿ ಬೇರೆ ಯಾರನ್ನು ತಂದು ಕೂರಿಸಿದರೂ ಆ ಪುಟಕ್ಕೆ ಏನೂ ಆಗುವುದಿಲ್ಲ.

ಬೇಸರ ಮಾಡಿಕೊಳ್ಳಬೇಡ. ನಿನ್ನ ವಯಸ್ಸಿನಲ್ಲಿ ನಾನೂ ಒಂದು ಹೊಯ್ಸಳ ದೇವಾಲಯದ ಬಗ್ಗೆ ಬರೆದು ಪತ್ರಿಕೆಯ ಕಚೇರಿಗೆ ಒಯ್ದಿದ್ದೆ. ‘ಕಲ್ಲಿನಲ್ಲಿ ಅರಳಿದ ಕಾವ್ಯ’ ಅಂತ ಶುರು. ಸಂಪಾದಕರು ಕನ್ನಡಕ ತೆಗೆದಿಟ್ಟು, “ನವರಂಗದ ಕಂಬಕ್ಕೆ ಎಷ್ಟು ಮೂಲೆ ಇತ್ತಮ್ಮ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮತ್ತೆ ಬಸ್ಸು ಹತ್ತಿ ಹೋಗಿ ಎಣಿಸಿಕೊಂಡು ಬಂದೆ.

ನಿನ್ನ ಜೋನ್ಸ್ ಅಂಥ ಎಣಿಸುವ ಮನುಷ್ಯ. ನೀನು ಅವನ ತಂದೆಯನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀಯ, ‘ತುಪ್ಪಳದ ವ್ಯಾಪಾರಿ’ ಎಂದು. ಆ ವ್ಯಾಪಾರಿ ಗಳಿಸಿದ್ದನ್ನು ಎಲ್ಲಿ ಸುರಿದ ಅಂತ ನೋಡಿದೆಯಾ? ವೇಲ್ಸ್ ಭಾಷೆಯ ಹಳೆಯ ಹಸ್ತಪ್ರತಿಗಳಿಗೆ. ಲಂಡನ್ನಿನಲ್ಲಿ ಕುಳಿತು ತನ್ನ ನುಡಿಯ ಪ್ರಾಚೀನ ಕಾವ್ಯವನ್ನು ಸಂಗ್ರಹಿಸಿ, ನಕಲು ಮಾಡಿಸಿ, 1801ರಿಂದ 1807ರ ನಡುವೆ ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಓಲೆಗರಿಗಳನ್ನು ಹುಡುಕಿಕೊಂಡು ಊರೂರು ಅಲೆದವರ ಕಥೆ ಕೇಳಿ ಬೆಳೆದ ನಮಗೆ ಈ ಹುಚ್ಚು ಹೊಸದಲ್ಲ. ತಂದೆ ತೀರಿಕೊಂಡಾಗ ಮಗನಿಗೆ ಐದು ವರ್ಷ. ತಂದೆ ಪದ್ಯ ಕೂಡಿಹಾಕಿದ, ಮಗ ಬಳ್ಳಿ, ಜಾಲರಿ, ಚೌಕಟ್ಟು, ಅಂಚುಗಳನ್ನು ಕೂಡಿಹಾಕಿದ. ಇದನ್ನು ನೀನು ಬಾಯಿಬಿಟ್ಟು ಹೇಳಬೇಕಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು.

ನಿನ್ನ ಲೇಖನ ಶುರುವಾಗಬೇಕಾದದ್ದು ಸ್ಪೇನ್‌ನ ಗ್ರಾನಡಾದಲ್ಲಿ. ವಾಸ್ತುಶಿಲ್ಪಿ ಲೂಯಿಸ್ ವಲಿಯಾಮಿಯ ಕೈಕೆಳಗೆ ಕೆಲಸ ಕಲಿತ ಹುಡುಗ 1832ರಲ್ಲಿ ಪ್ರವಾಸ ಹೊರಡುತ್ತಾನೆ. ಗ್ರೀಸ್‌ನಲ್ಲಿ ಜೂಲ್ಸ್ ಗೂರಿ ಎಂಬ ಫ್ರೆಂಚ್ ವಾಸ್ತುಶಿಲ್ಪಿಯ ಗೆಳೆತನವಾಗುತ್ತದೆ. ಗ್ರೀಕ್ ದೇವಾಲಯಗಳ ಬಿಳಿ ಅಮೃತಶಿಲೆಯ ಮೇಲೆ ಒಂದು ಕಾಲಕ್ಕೆ ಬಣ್ಣ ಇತ್ತು ಎಂಬುದರ ಕುರುಹು ಹುಡುಕುತ್ತಿದ್ದವರ ಜೊತೆ ಗೂರಿ ಕೆಲಸ ಮಾಡಿದ್ದ. ಇಬ್ಬರೂ ಈಜಿಪ್ಟ್, ಕಾನ್‌ಸ್ಟಾಂಟಿನೋಪಲ್ ಸುತ್ತಿ 1834ರಲ್ಲಿ ಗ್ರಾನಡಾದ ಅಲ್ಹಂಬ್ರಾ ಅರಮನೆಗೆ ಬಂದರು. ಆರು ತಿಂಗಳು ಅಳೆದರು, ಬರೆದರು. ಅಂಟು ಹಾಕದ ಕಾಗದವನ್ನು ಕೆತ್ತನೆಗೆ ಒತ್ತಿಯೋ ಗಾರೆಯ ಅಚ್ಚು ತೆಗೆದೋ ಗೋಡೆಯ ಅಲಂಕಾರಗಳನ್ನು ಪಡಿಮೂಡಿಸಿಕೊಂಡರು. ನಮ್ಮ ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಅಕ್ಷರ ಎಬ್ಬಿಸುವುದನ್ನು ನೋಡಿದ್ದೀಯಲ್ಲ, ಅದರ ಹತ್ತಿರದ ನೆಂಟ ಈ ಕೆಲಸ. ಆ ಆಗಸ್ಟ್‌ನಲ್ಲಿ ಗೂರಿ ಕಾಲರಾದಿಂದ ಅಲ್ಲೇ ತೀರಿಕೊಂಡ. ಜೋನ್ಸ್‌ಗೆ ಆಗ ಇಪ್ಪತ್ತೈದು. ಗೆಳೆಯನ ರೇಖಾಚಿತ್ರಗಳನ್ನೂ ತನ್ನವನ್ನೂ ಕಟ್ಟಿಕೊಂಡು ಲಂಡನ್ನಿಗೆ ಮರಳಿದ. 1837ರಲ್ಲಿ ಉಳಿದದ್ದನ್ನು ಮುಗಿಸಲು ಮತ್ತೆ ಒಬ್ಬನೇ ಗ್ರಾನಡಾಕ್ಕೆ ಹೋದ. ನಿನ್ನ ಬರಹದಲ್ಲಿ ಗೂರಿಗೆ ಸಿಕ್ಕಿರುವುದು ಒಂದು ಅಲ್ಪವಿರಾಮ. ಅಲ್ಹಂಬ್ರಾ ಬಗ್ಗೆ ಮುಂದೆ ತಂದ ಪುಸ್ತಕದ ಮುಖಪುಟದಲ್ಲಿ ಜೋನ್ಸ್ ಅವನ ಹೆಸರನ್ನು ತನ್ನ ಹೆಸರಿನ ಜೊತೆಗೇ ಹಾಕಿದ್ದಾನೆ.

ಆಮೇಲಿನ ಕಥೆ ಅಚ್ಚುಕೂಟದ್ದು. ಇಲ್ಲಿ ಅವಸರ ಮಾಡಬೇಡ. ಅಲ್ಹಂಬ್ರಾದ ನೀಲಿ, ಕೆಂಪು, ಚಿನ್ನವನ್ನು ಕಪ್ಪು-ಬಿಳುಪಿನಲ್ಲಿ ತೋರಿಸುವುದರಲ್ಲಿ ಅರ್ಥವಿರಲಿಲ್ಲ. ಅವನಿಗೆ ಬೇಕಾದ ಮಟ್ಟದಲ್ಲಿ ಬಣ್ಣ ಅಚ್ಚು ಮಾಡುವವರು ಲಂಡನ್ನಿನಲ್ಲಿ ಸಿಗಲಿಲ್ಲ. ತಾನೇ ಕಲ್ಲಚ್ಚಿನ ಯಂತ್ರ ಇಟ್ಟುಕೊಂಡ. ಸುಣ್ಣಕಲ್ಲಿನ ನುಣುಪು ಹಲಗೆಯ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯಬೇಕು. ಕಲ್ಲನ್ನು ನೀರಿನಿಂದ ಒದ್ದೆ ಮಾಡಿದರೆ ಜಿಡ್ಡು ನೀರನ್ನು ದೂಡುತ್ತದೆ, ಒದ್ದೆ ಕಲ್ಲು ಬಣ್ಣವನ್ನು ದೂಡುತ್ತದೆ. ಬರೆದ ಕಡೆ ಮಾತ್ರ ಬಣ್ಣ ನಿಲ್ಲುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಏಳು ಬಣ್ಣವಿದ್ದರೆ ಒಂದೇ ಹಾಳೆ ಏಳು ಸಲ ಯಂತ್ರದ ಕೆಳಗೆ ಹೋಗಬೇಕು, ಏಳು ಸಲವೂ ಅದೇ ಜಾಗಕ್ಕೆ ಕೂರಬೇಕು. ಕೂದಲೆಳೆ ಸರಿದರೂ ನೀಲಿ ಕೆಂಪಿನ ಮೇಲೆ ಹತ್ತುತ್ತದೆ, ಹಾಳೆ ರದ್ದಿಗೆ ಹೋಗುತ್ತದೆ. ಪುಸ್ತಕ ಕಂತು ಕಂತಾಗಿ ಹೊರಬಂದು ಮುಗಿಯಲು 1836ರಿಂದ 1845ರವರೆಗೆ ಹಿಡಿಯಿತು. ದುಡ್ಡು ಬರಲಿಲ್ಲ, ಹೆಸರು ಬಂತು.

1851ರ ಮಹಾಪ್ರದರ್ಶನಕ್ಕೆಂದು ಲಂಡನ್ನಿನಲ್ಲಿ ಎದ್ದ ಕ್ರಿಸ್ಟಲ್ ಪ್ಯಾಲೇಸ್ ಬಗ್ಗೆ ನೀನು ಎರಡು ಪುಟ ಬರೆದಿದ್ದೀಯ. ಅದರಲ್ಲಿ ಒಂದೂವರೆ ಪುಟ ರಾಣಿ ವಿಕ್ಟೋರಿಯಾಳದ್ದು. ಅವಳನ್ನು ಕಳಿಸಿಬಿಡು. ಹೈಡ್ ಪಾರ್ಕಿನ ಆ ಕಬ್ಬಿಣ-ಗಾಜಿನ ಮನೆಯ ಉದ್ದ 1,848 ಅಡಿ. ಅದರ ಒಳಗಿನ ಕಂಬ ತೊಲೆಗಳಿಗೆ ಯಾವ ಬಣ್ಣ ಎಂಬುದನ್ನು ತೀರ್ಮಾನಿಸಿದವನು ಜೋನ್ಸ್. ನೀಲಿ ಹಿಂದೆ ಸರಿದಂತೆ ಕಾಣುತ್ತದೆ, ಆದ್ದರಿಂದ ಒಳಬಾಗಿದ ಕಡೆ ನೀಲಿ. ಹಳದಿ ಮುಂದೆ ಬಂದಂತೆ ಕಾಣುತ್ತದೆ, ಆದ್ದರಿಂದ ಉಬ್ಬಿದ ಕಡೆ ಹಳದಿ. ಅಡ್ಡ ತೊಲೆಗಳ ಅಡಿಗೆ ಕೆಂಪು. ಬಣ್ಣಗಳು ಒಂದನ್ನೊಂದು ಮುಟ್ಟದಂತೆ ನಡುವೆ ಬಿಳಿ. ಕಟ್ಟಡ ತೆರೆಯುವ ಮೊದಲೇ ಪತ್ರಿಕೆಗಳಲ್ಲಿ ಗಲಾಟೆ ಎದ್ದಿತು. ಅವನು ಜಗ್ಗಲಿಲ್ಲ. ಬಾಗಿಲು ತೆರೆದ ಮೇಲೆ ದೂರದ ತುದಿ ಮಂಜಿನಂತೆ ಕರಗುವುದನ್ನು ಕಂಡ ಜನ ಮೆಚ್ಚಿಕೊಂಡರು. ನಿನ್ನ ಎರಡು ಪುಟದಲ್ಲಿ ಈ ನೀಲಿ ಎಲ್ಲಿದೆ, ತಮ್ಮಾ?

ಅವನ ಕಟ್ಟಡಗಳ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಮುಗಿಸು. ಲಂಡನ್ನಿನ ಸೇಂಟ್ ಜೇಮ್ಸ್ ಸಭಾಂಗಣ ಕೆಡವಿದರು. ಸಿಡನ್‌ಹ್ಯಾಮ್‌ಗೆ ಸ್ಥಳಾಂತರಗೊಂಡ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅವನು ಅಲ್ಹಂಬ್ರಾ ಅಂಗಳವೊಂದನ್ನು ಕಟ್ಟಿಸಿದ್ದ; ಆ ಕಟ್ಟಡವೇ 1936ರ ನವೆಂಬರ್ 30ರ ರಾತ್ರಿ ಬೆಂಕಿಯ ಪಾಲಾಯಿತು. ಇಸ್ಪೀಟ್ ಎಲೆಗಳ ಬೆನ್ನಿಗೆ, ಗೋಡೆಕಾಗದಕ್ಕೆ, ರೇಷ್ಮೆಗೆ ಅವನು ಮಾಡಿಕೊಟ್ಟ ವಿನ್ಯಾಸಗಳಿಗೆ ಲೆಕ್ಕವಿಲ್ಲ. ಕಟ್ಟಡ ಕಟ್ಟುವವನಿಗೆ ಕೊನೆಗೆ ನಿಂತದ್ದು ಪುಸ್ತಕ. ಇದಕ್ಕೆ ನೀನು ಕಣ್ಣೀರು ಹಾಕಿಸಲು ಹೋಗಬೇಡ.

ಆ ಪುಸ್ತಕ 1856ರ ‘ದಿ ಗ್ರಾಮರ್ ಆಫ್ ಆರ್ನಮೆಂಟ್’. ನಮ್ಮಲ್ಲಿ ಹೇಳುವುದಾದರೆ ಅಲಂಕಾರದ ವ್ಯಾಕರಣ. ದೇವರಿಗೆ ಮಾಡುವುದೂ ಅಲಂಕಾರ, ಉಪಮೆ ರೂಪಕಗಳೂ ಅಲಂಕಾರವಾಗಿರುವ ಭಾಷೆಯಲ್ಲಿ ಬರೆಯುತ್ತಿದ್ದೀಯ; ಈ ಹೆಸರನ್ನು ಅನುವಾದಿಸದೆ ಬಿಟ್ಟದ್ದೇಕೆ? ಇಪ್ಪತ್ತು ಅಧ್ಯಾಯ, ನೂರು ಬಣ್ಣದ ಪಟ, ಮೂವತ್ತೇಳು ಸೂತ್ರ. ಐದನೆಯ ಸೂತ್ರದ ತಿರುಳು ಇಷ್ಟು: ಕಟ್ಟಿದ್ದನ್ನು ಅಲಂಕರಿಸು, ಅಲಂಕಾರ ಮಾಡಲೆಂದೇ ಕಟ್ಟಬೇಡ. ನಿನ್ನ ಹನ್ನೊಂದು ವಿಶೇಷಣಗಳ ಪಕ್ಕದಲ್ಲಿ ನಾನು ಬರೆದಿರುವುದು ಬರೀ ‘5’.

ಈ ಪುಸ್ತಕವನ್ನು ಹೊಗಳುತ್ತಾ ಹೋಗಿದ್ದೀಯ, ಅದರೊಳಗಿನ ಮುಳ್ಳನ್ನು ಮುಟ್ಟಿಲ್ಲ. ಮೊದಲ ಅಧ್ಯಾಯದ ಶೀರ್ಷಿಕೆಯಲ್ಲೇ ‘ಅನಾಗರಿಕ ಬುಡಕಟ್ಟು’ಗಳಿವೆ. ಅದೇ ಅಧ್ಯಾಯದಲ್ಲಿ ನ್ಯೂಜಿಲೆಂಡಿನ ಹಚ್ಚೆ ಹಾಕಿದ ಒಂದು ಮುಖವನ್ನು ತೋರಿಸಿ, ಪ್ರತಿಯೊಂದು ಗೆರೆಯೂ ಮುಖದ ಸಹಜ ರೂಪವನ್ನೇ ಅನುಸರಿಸಿದೆ, ಅತ್ಯುನ್ನತ ಕಲೆಯ ತತ್ವ ಇಲ್ಲಿದೆ ಎನ್ನುತ್ತಾನೆ. ತುಚ್ಛೀಕರಿಸುವ ಮಾತು ಮತ್ತು ನಿಜವಾಗಿ ನೋಡುವ ಕಣ್ಣು ಒಂದೇ ಪುಟದಲ್ಲಿ! ಎರಡನ್ನೂ ಬರೆ. ಒಂದನ್ನು ಬಚ್ಚಿಟ್ಟರೆ ಮನುಷ್ಯ ಅರ್ಧವಾಗುತ್ತಾನೆ.

ಇನ್ನು ನಮ್ಮ ಮನೆಯ ಕಥೆ. ನೀನಿರುವುದು ಬೆಂಗಳೂರಿನಲ್ಲಿ, ಆದರೂ ರಾಮ್ ರಾಜ್ ಹೆಸರು ನಿನ್ನ ಲೇಖನದಲ್ಲಿಲ್ಲ. ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮ್ ರಾಜ್ ಸಂಸ್ಕೃತದ ಶಿಲ್ಪಗ್ರಂಥಗಳನ್ನು ಕಲೆಹಾಕಿ, ಹಿಂದೂ ವಾಸ್ತುಶಿಲ್ಪದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದರು. ಅವರು ತೀರಿಕೊಂಡ ಮೇಲೆ, 1834ರಲ್ಲಿ, ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಅದನ್ನು ಪ್ರಕಟಿಸಿತು. ಜೋನ್ಸ್ ಗ್ರಾನಡಾದಲ್ಲಿ ಗೋಡೆಗೆ ಕಾಗದ ಒತ್ತುತ್ತಿದ್ದ ಅದೇ ವರ್ಷ. ಮುಂದೆ ಹಿಂದೂ ಅಲಂಕಾರದ ಅಧ್ಯಾಯ ಬರೆಯಲು ಕುಳಿತಾಗ ಅವನು ಕೈಚಾಚಿದ್ದು ಈ ಪ್ರಬಂಧಕ್ಕೆ. ಮನೆಯ ಅಡಿಪಾಯದಿಂದ ಮಾಡಿನವರೆಗೆ ಪ್ರಮಾಣ ತಪ್ಪಬಾರದು ಎಂಬ ಶಿಲ್ಪಶಾಸ್ತ್ರದ ಮಾತನ್ನು ಅಲ್ಲಿಂದಲೇ ಎತ್ತಿಕೊಂಡ. ಭಾರತಕ್ಕೆ ಅವನು ಬರಲಿಲ್ಲ. ಲಂಡನ್ನಿನಲ್ಲಿ ಕೈಗೆಟುಕಿದ್ದರಲ್ಲೇ ಆ ಅಧ್ಯಾಯ ಮುಗಿಸಿದ. ಆದ್ದರಿಂದಲೇ ಅದು ಸೊರಗಿದೆ. ಆದರೆ ಪ್ರದರ್ಶನಕ್ಕೆ ಬಂದಿದ್ದ ಭಾರತದ ಬಟ್ಟೆಗಳನ್ನು ಕಣ್ಣಾರೆ ನೋಡಿ ಬರೆದ ಅಧ್ಯಾಯ ಉಕ್ಕುತ್ತದೆ. ಎರಡನ್ನೂ ಒಂದೇ ಕೂರಿಕೆಯಲ್ಲಿ ಓದು.

ಮನಸ್ಸು ಬದಲಿಸಿದ್ದನ್ನೂ ಬಿಟ್ಟಿದ್ದೀಯ. 1856ರಲ್ಲಿ ಚೀನೀಯರಿಗೆ ಕಲ್ಪನೆ ಕಡಿಮೆ ಎಂದವನು 1867ರಲ್ಲಿ ಚೀನೀ ಅಲಂಕಾರದ ಮೇಲೆ ಇಡೀ ಪುಸ್ತಕವನ್ನೇ ತಂದ. ನಡುವೆ ನಡೆದದ್ದು ಯುದ್ಧ ಮತ್ತು ಲೂಟಿ. ಅಲ್ಲಿನ ಕಟ್ಟಡಗಳನ್ನು ಸುಲಿದ ಮೇಲೆ ಸೊಗಸಾದ ವಸ್ತುಗಳು ಯೂರೋಪಿಗೆ ಬಂದವು ಎಂದು ಅವನೇ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾನೆ. ಆ ವಾಕ್ಯದಲ್ಲಿ ನಾಚಿಕೆ ಇಲ್ಲ. ನೀನು ಅದಕ್ಕೆ ಟೀಕೆ ಬರೆಯಬೇಡ, ಹಾಗೆಯೇ ಇಡು.

ಕೊನೆಯದಾಗಿ, ನಿನ್ನ ಲೇಖನದ ಬೆನ್ನೆಲುಬು ಆಗಬೇಕಾದದ್ದು ಇದು. ಪ್ರಪಂಚದ ಅಲಂಕಾರಗಳನ್ನೆಲ್ಲ ಒಂದೇ ರಟ್ಟಿನೊಳಗೆ ಸೇರಿಸಿದವನಿಗೆ ಮುನ್ನುಡಿಯಲ್ಲೇ ಒಂದು ಭಯ: ಜನ ಇದನ್ನು ನೋಡಿ ನಕಲು ಹೊಡೆಯಲು ಶುರು ಮಾಡುತ್ತಾರಲ್ಲ! ನಡೆದದ್ದೂ ಹೆಚ್ಚುಕಡಿಮೆ ಅದೇ. ಅದಕ್ಕೇ ಇಪ್ಪತ್ತನೆಯ ಅಧ್ಯಾಯದ ಹತ್ತು ಪಟಗಳಲ್ಲಿ ಯಾವ ದೇಶದ ಅಲಂಕಾರವೂ ಇಲ್ಲ. ಬರೀ ಎಲೆ, ಹೂವು. ಅದರ ಮೊದಲ ಪಟ, ಅಂದರೆ ತೊಂಬತ್ತೊಂದನೆಯದು, ಹಾರ್ಸ್ ಚೆಸ್ಟ್‌ನಟ್ ಮರದ ಎಲೆ. ಎಲೆಯನ್ನೇ ಕಾಗದದ ಮೇಲಿಟ್ಟು ಗೆರೆ ಎಳೆದದ್ದು, ನಿಜ ಗಾತ್ರ. ಬೆರಳು ಬಿಚ್ಚಿದ ಅಂಗೈ ಹಾಗೆ ಪುಟ ತುಂಬಾ ಹರಡಿಕೊಂಡಿದೆ.

ಆ ಪಟದ ಪ್ರತಿಯೊಂದನ್ನು ಈ ಪತ್ರದ ಜೊತೆ ಮಡಿಸಿ ಇಟ್ಟಿದ್ದೇನೆ. ಗೋಡೆಗೆ ಅಂಟಿಸಿಕೊಂಡು, ನರಗಳು ಎಲ್ಲಿಂದ ಕವಲೊಡೆಯುತ್ತವೆ ನೋಡಿ, ಆಮೇಲೆ ಮೊದಲ ಪ್ಯಾರಾ ಬರೆ. ಯುಗಾದಿಗೆ ಮೊದಲು ಕಳಿಸಿದರೆ ಊರಿಗೆ ಹೊರಡುವ ಮುಂಚೆ ಓದಿ ಹಿಂದಿರುಗಿಸುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಅಕ್ಕ